ಹೊರಅಂಚು ಸವೆದ ಚಪ್ಪಲಿ

ನನ್ನ ಎರಡೂ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಹಾಗಾಗಿ ಚಪ್ಪಲಿ ಸವೆಯುತ್ತಿದ್ದದ್ದು ಯಾವಾಗಲೂ ಹೊರಅಂಚಿನಲ್ಲೇ. "ಒಳಗಡೆ ಅರ್ಧ ಹೊಸದಾಗೇ ಇದೆ, ನಂಗೆ ಕೊಟ್ಬಿಡಿ ಅಮ್ಮಾ" ಎಂದು ಚಪ್ಪಲಿ ಹೊಲಿಯುವವನು ನಗುತ್ತಿದ್ದ. ಎರಡೂ ಮಂಡಿ ಬದಲಾಯಿಸುವ ಆಪರೇಷನ್ ಆಗಿ ಕಾಲು ನೆಟ್ಟಗಾದ ಮೇಲೆ ತಂಗಿ ಹೊಸ ಜೋಡಿ ತಂದಳು. ಗಾಯ ಮಾಗಲಿ ಎಂದು ಅದನ್ನು ಮೆಟ್ಟದೆ ಮಂಚದ ಕೆಳಗಿಟ್ಟಿದ್ದೆ.

ಒಂದು ಮಧ್ಯಾಹ್ನ ಹಜಾರದಲ್ಲಿ ಯಾರೋ ನಡೆದಾಡುವ ಸದ್ದಾಯಿತು. ಧಪ್ಪನೆ ಒಂದು ಹೆಜ್ಜೆ, ಹಿಂದೆಯೇ ಎಳೆದುಕೊಂಡು ಬರುವ ಇನ್ನೊಂದು. ಅದು ನನ್ನದೇ ಹಳೆಯ ನಡಿಗೆ.

ತಂಗಿ ಅಡುಗೆಮನೆಯಿಂದಲೇ ಗದರಿದಳು. "ಅಕ್ಕಾ, ವಾಕರ್ ಬಿಟ್ಟು ಯಾಕೆ ಓಡಾಡ್ತಿದೀಯೇ?"

"ನಾನು ಮಂಚದ ಮೇಲೇ ಇದೀನಿ ಕಣೇ."

ಅವಳ ಸೌಟಿನ ಸದ್ದು ನಿಂತಿತು. ಹೆಜ್ಜೆ ನನ್ನ ಬಾಗಿಲಿಗೆ ಬಂದು ನಿಂತಿತು; ಅಲ್ಲಿ ಯಾರೂ ಕಾಣಲಿಲ್ಲ. ಹೊಸ ಮಂಡಿಯೊಳಗೆ ತಣ್ಣಗೆ ಕೊರೆಯತೊಡಗಿತು. ನೆಟ್ಟಗಿದ್ದ ಕಾಲು ತಾನೇ ತಾನಾಗಿ ಹೊರಕ್ಕೆ ಬಾಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ವಾಕರ್ ಹಿಡಿದು ಎದ್ದೆ.

"ಇಷ್ಟು ವರ್ಷ ನಿನ್ನ ಹೊತ್ಕೊಂಡು ತಿರುಗಿದ್ದು ಸಾಕು. ಈ ಕಾಲು ನಂದು. ನಡಿ ಆಚೆ!"

ಹಲ್ಲು ಕಚ್ಚಿ ಬಾಗಿಲವರೆಗೂ ನಡೆದೆ. ಸದ್ದು ಹಿಂದೆ ಸರಿಯುತ್ತ ಬೀದಿಗಿಳಿಯಿತು. ಕಾಲು ಮತ್ತೆ ನೆಟ್ಟಗಾಯಿತು.

ಗಾಯ ಮಾಗಿದ ಮೇಲೆ ಮಂಚದ ಕೆಳಗಿಂದ ಆ ಹೊಸ ಚಪ್ಪಲಿ ಹೊರತೆಗೆದರೆ, ಎರಡರ ಹೊರಅಂಚೂ ಸವೆದಿತ್ತು. "ಬಿಸಾಕೇ ಅಕ್ಕಾ" ಎಂದಳು ತಂಗಿ. ನನ್ನ ಚಪ್ಪಲಿಯನ್ನು ನಾನ್ಯಾಕೆ ಬಿಸಾಕಲಿ? ದಿನಾ ಅದನ್ನೇ ಮೆಟ್ಟಿ ನೆಟ್ಟಗೆ ನಡೆಯುತ್ತೇನೆ. ಸವೆಯುತ್ತಿರುವುದು ಮಾತ್ರ ಈಗಲೂ ಹೊರಅಂಚೇ.