ಮೈಕ್ ಒಂದೇ ಸಾಕು

ಶೈಲಶ್ರೀ ಬಾಯಿ ತೆರೆಯುವ ಮೊದಲೇ ಅವಳ ಧ್ವನಿ ಸ್ಪೀಕರಿನಿಂದ ಬಂದುಬಿಟ್ಟಿತು.

ಪೀಣ್ಯದ ಪಂಪು ಕಾರ್ಖಾನೆಯೊಂದರ ಅಂಗಳ. ನವೆಂಬರಿನ ಮೂರನೇ ಶನಿವಾರ, ಮಧ್ಯಾಹ್ನ, ರಾಜ್ಯೋತ್ಸವದ ಕಾರ್ಯಕ್ರಮ. ನಮ್ಮಲ್ಲಿ ರಾಜ್ಯೋತ್ಸವ ಒಂದನೇ ತಾರೀಕು ಶುರುವಾದರೆ ತಿಂಗಳ ಕೊನೆಯವರೆಗೂ ಮುಗಿಯುವುದಿಲ್ಲ. ಹಾಡುವವರಿಗೆ ಅದೇ ಸುಗ್ಗಿ. ಕೆಂಪು ಹಳದಿ ಶಾಲು ಹೊದ್ದ ಮುನ್ನೂರು ಕಾರ್ಮಿಕರ ಮುಂದೆ ಇಪ್ಪತ್ತಮೂರರ ಶೈಲಶ್ರೀ ನಾಲ್ಕು ಸಿನಿಮಾ ಹಾಡು ಮುಗಿಸಿ, ತಾನೇ ಕಟ್ಟಿ ಒಂಬತ್ತು ತಿಂಗಳ ಹಿಂದೆ ಯೂಟ್ಯೂಬಿಗೆ ಹಾಕಿದ್ದ ‘ಮೊದಲ ಶಿಫ್ಟು’ ಹಾಡಲು ಮೈಕ್ ಎತ್ತಿದ್ದಳು.

ಇಂಥ ಕಾರ್ಯಕ್ರಮಗಳಿಗೆ ವಾದ್ಯದವರು ಬರುವುದಿಲ್ಲ. ಬರೀ ವಾದ್ಯವಿರುವ ಟ್ರ್ಯಾಕನ್ನು ಪೆನ್‌ಡ್ರೈವಿನಲ್ಲಿ ತಂದು ಸೌಂಡಿನವನ ಕೈಗೆ ಕೊಟ್ಟರೆ ಅವನು ಹಾಕುತ್ತಾನೆ, ಇವರು ಹಾಡುತ್ತಾರೆ. ಇವತ್ತು ವಾದ್ಯದ ಜೊತೆಗೆ ಅವಳ ಹಾಡೂ ಬಂತು. ಅವಳು ತುಟಿ ಬಿಗಿದುಕೊಂಡು ನಿಂತಿದ್ದಾಗಲೇ ಅವಳ ಪಲ್ಲವಿ ಇಡೀ ಅಂಗಳಕ್ಕೆ ಕೇಳಿಸಿತು.

"ಓಹೋ, ಲಿಪ್‌ಸಿಂಕ್ ಮೇಡಂ!" ಎಂದು ಯಾರೋ ಶಿಳ್ಳೆ ಹೊಡೆದರು. ಸಾಲು ಸಾಲಾಗಿ ಫೋನುಗಳು ಮೇಲೆದ್ದವು.

ಅವಳು ವೇದಿಕೆ ಇಳಿದು ನೇರ ಸೌಂಡಿನ ಟೇಬಲ್ಲಿಗೆ ನಡೆದಳು. ಅಲ್ಲಿ ಸೌಂಡು ನೋಡಿಕೊಳ್ಳಲು ಕೂರಿಸಿದ್ದ, ಕಾರ್ಖಾನೆಯದೇ ನೀಲಿ ಯೂನಿಫಾರಂನ ಹುಡುಗನೊಬ್ಬ ಬೆವರುತ್ತಿದ್ದ. ಹೆಸರು ವಸಂತ್ ಎಂದು ಎದೆಯ ಮೇಲೆ ಹೊಲಿದಿತ್ತು.

"ಏನ್ರೀ ಇದು? ಟ್ರ್ಯಾಕ್ ಹಾಕಿ ಅಂದ್ರೆ ಪೂರ್ತಿ ಹಾಡು ಹಾಕ್ತೀರಾ?"

"ನಿಮ್ ಪೆನ್‌ಡ್ರೈವ್‌ದು ಐದನೇ ಫೈಲ್ ಓಪನ್ ಆಗ್ಲಿಲ್ಲ ಮೇಡಂ. ನನ್ ಪೆನ್‌ಡ್ರೈವಲ್ಲಿ ಇತ್ತು, ಗಾಬರೀಲಿ ಅದನ್ನೇ..."

"ನನ್ ಹಾಡು ನಿಮ್ ಪೆನ್‌ಡ್ರೈವಲ್ಲಿ ಯಾಕಿತ್ತು?"

ಅವನು ಕಿವಿಯವರೆಗೂ ಕೆಂಪಾದ. ಯಾರೋ ಆಗದವರು ಇವನ ಕೈಯಲ್ಲಿ ಮಾಡಿಸಿದ್ದಾರೆ ಎಂದು ಶೈಲಶ್ರೀ ಅಲ್ಲೇ ತೀರ್ಮಾನಿಸಿಬಿಟ್ಟಳು. ಕೋಪ ಬಂದಾಗ ಅವಳಿಗೆ ತೀರ್ಮಾನಗಳು ಬಹಳ ಬೇಗ ಸಿಗುತ್ತಿದ್ದವು.

ಸಂಜೆಯ ಹೊತ್ತಿಗೆ ಹನ್ನೆರಡು ಸೆಕೆಂಡಿನ ವೀಡಿಯೊ ಎಲ್ಲರ ಫೋನಿನಲ್ಲಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಎರಡು ಲಕ್ಷ ಜನ ನೋಡಿದ್ದರು. ಒಂಬತ್ತು ತಿಂಗಳು ಹಾಡಿದರೂ ಬಾರದ ಹೆಸರು ಹನ್ನೆರಡು ಸೆಕೆಂಡು ಸುಮ್ಮನೆ ನಿಂತದ್ದಕ್ಕೆ ಬಂದಿತ್ತು. ಆ ವಾರದ ಮೂರು ಕಾರ್ಯಕ್ರಮದವರು ಸರಸರನೆ ಬೇರೆಯವರನ್ನು ಹುಡುಕಿಕೊಂಡರು. ಉಳಿದದ್ದು ಒಂದೇ, ಮುಂದಿನ ಶನಿವಾರದ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರ ದೊಡ್ಡ ಕ್ಯಾಂಪಸ್ಸು. ನಾಲ್ಕು ಸಾವಿರ ಜನ. ಸಿನಿಮಾ ಹಾಡು ಬೇಡ, ನಿಮ್ಮದೇ ಹಾಡು ಹಾಡಿ ಎಂದು ಅವಳನ್ನು ಕರೆದ ಮೊದಲ ವೇದಿಕೆ ಅದು.

ಅದನ್ನು ನಡೆಸುತ್ತಿದ್ದ ಮಂಜುಶ್ರೀ ಫೋನ್ ಮಾಡಿದಳು. "ಶೈಲಾ, ನಾನು ನಿಮ್ ಪರವಾಗಿದ್ದೀನಿ. ಆದ್ರೆ ಕಮಿಟೀಲಿ ಡಿಸ್ಕಷನ್ ನಡೀತಿದೆ. ನೀವು ನಿಜವಾಗ್ಲೂ ಹಾಡ್ತೀರಾ ಅಂತ ಕೇಳ್ತಿದ್ದಾರೆ."

ಆ ಪ್ರಶ್ನೆ ಶೈಲಶ್ರೀಯ ಎದೆಗೆ ನಾಟಿತು. ಹಾಡು ಚೆನ್ನಾಗಿಲ್ಲ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದಳು.

"ಟ್ರ್ಯಾಕೇ ಇಲ್ದೆ ಹಾಡ್ತೀನಿ ಅಂತ ಹೇಳಿ ಮೇಡಂ. ಒಂದು ಮೈಕ್ ಕೊಡಿ ಸಾಕು."

ಹೇಳಿ ಫೋನಿಟ್ಟ ಮೇಲೆ ಹಣೆ ಚಚ್ಚಿಕೊಂಡಳು. ಟ್ರ್ಯಾಕಿಲ್ಲದೆ ಅವಳು ಬಾತ್‌ರೂಮಿನಲ್ಲೂ ಹಾಡಿದವಳಲ್ಲ.

ಅದೇ ಭಾನುವಾರ ವಸಂತ್ ನಾಗಸಂದ್ರಕ್ಕೆ ಅವಳ ಮನೆ ಹುಡುಕಿಕೊಂಡು ಬಂದ. ಬಾಡಿಗೆಗೆ ಕಟ್ಟಿಸಿದ ಮೂರಂತಸ್ತಿನ ಮನೆ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಇಪ್ಪತ್ತು ವರ್ಷದ ಹಿಂದೆ ವಿಜಯಪುರದ ಕಡೆಯಿಂದ ಬಂದ ಅವಳ ಅಪ್ಪ ಮಲಕಪ್ಪ ಅಂದಿನಿಂದ ಅಲ್ಲೇ ಇದ್ದ, ಈಗ ಅವನ ಮಗಳು ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದಳು.

"ಯಾರು ಹೇಳಿ ಮಾಡಿಸಿದ್ದು ಅಂತ ಹೇಳೋಕೆ ಬಂದ್ರಾ?"

"ಯಾರೂ ಇಲ್ಲ ಮೇಡಂ. ನಾನು ಲೇಥ್ ಮೆಷಿನ್ ಮೇಲೆ ಕಬ್ಬಿಣ ಕೊರೆಯೋ ಕೆಲ್ಸ ಮಾಡೋವಾಗ ನಿಮ್ ಹಾಡು ಕೇಳ್ತೀನಿ. ಒಂಬತ್ತು ತಿಂಗ್ಳಿಂದ. ಅದಕ್ಕೇ ನನ್ ಹತ್ರ ಇತ್ತು."

"ದಿನಾ?"

"ದಿನಾ. ಮೊದಲ್ನೇ ತಿಂಗ್ಳು ಆ ಹಾಡಿಗೆ ನಾನೂರು ವ್ಯೂಸ್ ಇತ್ತಲ್ಲ, ಅದ್ರಲ್ಲಿ ಅರ್ಧ ನಂದೇ ಇರ್ಬೇಕು."

ಶೈಲಶ್ರೀ ನಗಬಾರದೆಂದು ತುಟಿ ಕಚ್ಚಿದಳು. "ನಾನು ಅದನ್ನ ಇನ್ನೂರು ಜನ ಅಭಿಮಾನಿಗಳು ಅಂದ್ಕೊಂಡು ಅಮ್ಮಂಗೆಲ್ಲ ಹೇಳಿದ್ದೆ."

"ಇನ್ನೂರು ಜನರಷ್ಟು ಒಬ್ನೇ ಇದ್ದೀನಿ ಅಂದ್ಕೊಳ್ಳಿ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಹೊಳೆಯಿತು. ಪಕ್ಕದ ಗೋಡೆಯ ಮೀಟರ್ ಬೋರ್ಡನ್ನು ಓದಲು ಶುರು ಮಾಡಿದ. ಅವಳೂ ಅವನನ್ನು ಓದಿದಳು: ಎಣ್ಣೆಯ ಕರೆ ಬಿಡದ ಉಗುರು, ಇಸ್ತ್ರಿ ಮಾಡಿದ ಭಾನುವಾರದ ಶರಟು, ಮೇಲೆತ್ತಲಾರದ ಕಣ್ಣು. ಚೆನ್ನಾಗಿಯೇ ಇದ್ದಾನೆ ಎನಿಸಿತು, ಆ ಅನಿಸಿಕೆಗೆ ಸಿಟ್ಟೂ ಬಂತು.

"ತಪ್ಪು ನಂದು ಅಂತ ವೀಡಿಯೊ ಮಾಡಿ ಹಾಕ್ತೀನಿ ಮೇಡಂ," ಎಂದ.

"ಬೇಡ. ಹುಡುಗನ್ನ ಹಿಡ್ಕೊಂಡು ಬಂದು ಸುಳ್ಳು ಹೇಳಿಸಿದ್ಲು ಅಂತಾರೆ. ನನ್ ಗಂಟಲಿಗೆ ನೀವ್ಯಾಕ್ರೀ ಸಾಕ್ಷಿ ಹೇಳ್ಬೇಕು? ಶನಿವಾರ ಟ್ರ್ಯಾಕೇ ಇಲ್ದೆ ನಾನೇ ಹಾಡ್ತೀನಿ."

ಅವನು ತಲೆಯಾಡಿಸಿದ. ಹೊರಟವನು ತಿರುಗಿ ನಿಂತ. "ಟ್ರ್ಯಾಕ್ ಇಲ್ದೆ ಹಾಡೋದಾದ್ರೆ ಎರಡನೇ ಚರಣ ನೋಡ್ಕೊಳಿ. ಅಲ್ಲಿ ನೀವು ಓಡ್ತೀರಾ."

"ಏನಂದ್ರಿ? ಸಂಗೀತ ಕಲ್ತಿದ್ದೀರಾ?"

"ಇಲ್ಲ. ಲೇಥ್ ಕಲ್ತಿದ್ದೀನಿ. ಸ್ಪೀಡ್ ಸ್ವಲ್ಪ ಜಾಸ್ತಿ ಆದ್ರೂ ಟೂಲ್ ಕಿರುಚುತ್ತೆ, ಕಿವಿಗೆ ಗೊತ್ತಾಗ್ಬಿಡುತ್ತೆ."

ಅವಳಿಗೆ ಮೈಯೆಲ್ಲ ಉರಿಯಿತು. ಮೇಲೆ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದಳು. ಎರಡನೇ ಚರಣದಲ್ಲಿ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಓಡಿದ್ದಳು. ಸೋಮವಾರ ಬೆಳಿಗ್ಗೆ ಅವನಿಗೆ ಮೆಸೇಜ್ ಹೋಯಿತು: ‘ನಾಲ್ಕು ಗಂಟೆಗೆ ಟೆರೇಸಿಗೆ ಬನ್ನಿ. ಹೊಗಳೋಕಲ್ಲ.’

ಐದು ದಿನ ಅವನು ಮೊದಲ ಶಿಫ್ಟು ಮುಗಿಸಿ ಬಂದ. ಒಣಗಿದ ಬಟ್ಟೆಗಳ ನಡುವೆ ಅವಳು ನಿಂತು ಹಾಡುತ್ತಿದ್ದಳು, ಅವನು ನೀರಿನ ಟ್ಯಾಂಕಿನ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಓಡಿದರೆ ಬೆರಳೆತ್ತುತ್ತಿದ್ದ. ಅವಳು ಕಣ್ಣು ಕೆಕ್ಕರಿಸುತ್ತಿದ್ದಳು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

"ಮೊದಲ ಶಿಫ್ಟು ಬಿಟ್ಟಾಗ ಬಾರೋ,
ಬಿಸಿ ಚಹಾ ನಾನೇ ಕೊಡಿಸ್ತೀನಿ,
ಊರು ಯಾವ್ದಂತ ಕೇಳಬ್ಯಾಡೋ,
ಈ ರಸ್ತೆ ಈಗ ನಂದೂನು."

"ಈ ‘ಬಾರೋ’ ಯಾರಿಗೆ ಬರ್ದಿದ್ದು?" ಎಂದು ಬುಧವಾರ ಕೇಳಿದ.

"ಬರ್ದಾಗ ಯಾರೂ ಇರ್ಲಿಲ್ಲ," ಎಂದಳು. ‘ಈಗ?’ ಎಂದು ಅವನು ಕೇಳಲಿಲ್ಲ. ಕೇಳಬಾರದಿತ್ತೇ ಈ ದಡ್ಡ ಎಂದು ಅವಳಿಗೆ ಆ ದಿನವೆಲ್ಲ ಕಿರಿಕಿರಿ.

ಶುಕ್ರವಾರ ಮಲಕಪ್ಪನೂ ಮೇಲೆ ಬಂದು ಕೂತ. ಕಾದ ಕಬ್ಬಿಣ ಬಡಿಯುವ ಫೋರ್ಜಿಂಗ್ ಸುತ್ತಿಗೆಯ ಪಕ್ಕ ಹದಿನೆಂಟು ವರ್ಷ ನಿಂತು ಅವನ ಕಿವಿ ಮುಕ್ಕಾಲು ಹೋಗಿತ್ತು. ವಸಂತ್ ಇಳಿದುಹೋದ ಮೇಲೆ ಮಗಳು ಅಪ್ಪನ ಬಳಿ ಬಾಗಿ ಜೋರಾಗಿ ಕೇಳಿದಳು, "ಹ್ಯಾಂಗ್ ಆತಪ್ಪಾ?"

"ನನಗೆಲ್ಲಿ ಕೇಳಸ್ತದವ್ವಾ. ಆದ್ರ ಆ ಹುಡುಗನ ಮಾರಿ ನೋಡಿದೆ. ನೀ ಭಾಳ ಚಲೋ ಹಾಡಾಕತ್ತಿ."

ಶೈಲಶ್ರೀ ಬಟ್ಟೆ ಮಡಚುವ ನೆಪದಲ್ಲಿ ಆ ಕಡೆ ತಿರುಗಿದಳು. ಖುಷಿಯಾದಾಗ ಅಪ್ಪನಿಗೆ ಮುಖ ತೋರಿಸುವ ಅಭ್ಯಾಸ ಅವಳಿಗಿರಲಿಲ್ಲ.

ಶನಿವಾರ ಕ್ಯಾಂಪಸ್ಸಿನಲ್ಲಿ ಅವಳು ವಸಂತನಿಗೆ ಕಟ್ಟಪ್ಪಣೆ ಮಾಡಿದಳು. "ನೀವು ವೇದಿಕೆ ಹತ್ರ ಇರ್ಬೇಡಿ. ಹಿಂದೆ ನಿಂತ್ಕೊಳಿ. ನಿಮ್ ಕೈ ನೋಡ್ಕೊಂಡು ಹಾಡಿದ್ರೆ ಅದು ನಾನು ಹಾಡ್ದಂಗಲ್ಲ."

"ಸರಿ," ಎಂದು ಅವನು ಕ್ಯಾಂಟೀನಿನ ಮೆಟ್ಟಿಲವರೆಗೂ ಹೋಗಿ ನಿಂತ.

ಅವಳು ಬೆಳಕಿಗೆ ಬಂದದ್ದೇ ತಡ, ಒಂದು ಮೂಲೆಯಿಂದ "ಲಿಪ್‌ಸಿಂಕ್! ಲಿಪ್‌ಸಿಂಕ್!" ಎಂಬ ಕೂಗೆದ್ದಿತು. ನಗು ಹಬ್ಬಿತು. ಮಂಜುಶ್ರೀ ಪರದೆಯ ಪಕ್ಕದಿಂದ, ಟ್ರ್ಯಾಕ್ ರೆಡಿ ಇದೆ, ಬೇಕಾದರೆ ಹಾಕಿಸುತ್ತೇನೆ ಎಂದು ಸನ್ನೆ ಮಾಡಿದಳು. ಶೈಲಶ್ರೀ ಬೇಡವೆಂದು ತಲೆಯಾಡಿಸಿ ಮೈಕಿನಲ್ಲೇ ಹೇಳಿದಳು.

"ಸೌಂಡಿನೋರೇ, ಎಲ್ಲಾ ಚಾನೆಲ್ ಆಫ್ ಮಾಡಿ. ಮೈಕ್ ಒಂದೇ ಇರ್ಲಿ. ಗುರು, ಆ ಮೂಲೇಲಿ ಕೂಗ್ತಿದ್ದೀರಲ್ಲ, ಬನ್ನಿ, ಮುಂದೆ ಬಂದು ನಿಂತ್ಕೊಂಡು ಕೇಳಿ."

ಆಮೇಲೆ ಹಾಡಿದಳು. ನಾಲ್ಕು ಸಾವಿರ ಜನರ ನಡುವೆ ಒಂದೇ ಒಂದು ಗಂಟಲು. ಮೊದಲ ಚರಣದ ಹೊತ್ತಿಗೆ ನಗು ನಿಂತಿತ್ತು. ಎರಡನೇ ಚರಣದ ಬಾಗಿಲಲ್ಲಿ ಕಾಲು ಓಡಲು ತವಕಿಸಿತು. ಅವನು ಎಲ್ಲಿದ್ದಾನೆಂದು ಹುಡುಕಲು ಕಣ್ಣು ಎದ್ದಿತು. ಅವಳು ಅದನ್ನು ಮುಚ್ಚಿಕೊಂಡಳು. ಒಂದು ಉಸಿರು ತಡೆದು, ನಿಧಾನಕ್ಕೆ, ತನ್ನದೇ ಲೆಕ್ಕದಲ್ಲಿ ಪದ ಇಟ್ಟಳು. ಓಡಲಿಲ್ಲ.

ಕೊನೆಯ ಎತ್ತರದ ಸ್ವರದಲ್ಲಿ ಧ್ವನಿ ಒಡೆಯಿತು.

ಎಲ್ಲರಿಗೂ ಕೇಳಿಸುವಂತೆ ಒಡೆಯಿತು. ಶೈಲಶ್ರೀ ಒಂದು ಕ್ಷಣ ನಿಂತು, ನಕ್ಕು, "ಇದೂ ರೆಕಾರ್ಡಿಂಗಾ?" ಎಂದಳು. ಅದೇ ಸಾಲನ್ನು ಮತ್ತೆ ಎತ್ತಿಕೊಂಡು, ಸ್ವರವನ್ನು ಹಿಡಿದು, ಬಿಡದೆ ನಿಲ್ಲಿಸಿದಳು. ಕ್ಯಾಂಪಸ್ಸಿಗೆ ಕ್ಯಾಂಪಸ್ಸೇ ಎದ್ದು ನಿಂತಿತು. ಪಲ್ಲವಿಯನ್ನು ಆಮೇಲೆ ಅವಳು ಹಾಡಬೇಕಾಗಲಿಲ್ಲ, ಜನರೇ ಹಾಡಿದರು. ಈ ರಸ್ತೆ ಈಗ ನಂದೂನು ಎಂದು ನಾಲ್ಕು ಸಾವಿರ ಜನ ಹೇಳುವುದನ್ನು ಅವಳು ತಲೆಯೆತ್ತಿ ನಿಂತು ಕೇಳಿದಳು.

ಇಳಿದು ಬಂದಾಗ ಸೆಲ್ಫಿಯವರ ಸಾಲು. ಅದನ್ನು ದಾಟಿಕೊಂಡು ವಸಂತ್ ಬರುವಷ್ಟರಲ್ಲಿ ಅವನ ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳುವುದೂ ಅವನಿಗೆ ನೆನಪಿರಲಿಲ್ಲ.

ಮಂಜುಶ್ರೀ ಅವಳನ್ನು ಅಪ್ಪಿಕೊಂಡು, "ಮುಂದಿನ ತಿಂಗಳ ಆನ್ಯುಯಲ್ ಡೇಗೂ ನೀವೇ ಬರ್ಬೇಕು," ಎಂದಳು. ಆಮೇಲೆ ಅವನ ಕಡೆ ನೋಡಿದಳು. "ಇವ್ರು ನಿಮ್ ಮ್ಯಾನೇಜರಾ? ಇವರ ಹತ್ರಾನೇ ಡೇಟ್ ಮಾತಾಡ್ಲಾ?"

"ಡೇಟ್ ನನ್ ಹತ್ರಾನೇ ಮಾತಾಡಿ," ಎಂದಳು ಶೈಲಶ್ರೀ. "ಇವ್ರು ನಾನು ಮದ್ವೆ ಆಗೋ ಹುಡುಗ."

ವಸಂತ್ ಬೆಚ್ಚಿಬಿದ್ದ. "ಮೇಡಂ, ನಂಗೆ ಯಾವಾಗ ಹೇಳಿದ್ರಿ?"

"ಈಗ ಹೇಳಿದ್ನಲ್ಲ. ಮೈಕ್‌ನಲ್ಲಿ ಹೇಳ್ಬೇಕಿತ್ತಾ?"

ಅವನು ಬೇಡ ಬೇಡವೆಂದು ಕೈಯಾಡಿಸಿದ. ಆ ಕೈಯನ್ನು ಅವಳು ಹಿಡಿದುಕೊಂಡಳು. "ಇನ್ಮೇಲೆ ಮೇಡಂ ಅಂದ್ರೆ ನೋಡು," ಎಂದು ಗದರಿದಳು.