ಕೋಡಿಯ ಮೇಲೆ ಸಿಮೆಂಟು

"ಸುತ್ತಿಗಿ ಕೆಳಗಿಡ್ರಿ ಮೇಡಂ!"

ಕೆಂಚಣ್ಣನ ಕೈಯಲ್ಲಿ ಹಾರೆ. ಅದರ ಮೊನೆಗೂ ನನ್ನ ಗಂಟಲಿಗೂ ಒಂದು ಗೇಣು.

ಬೆನ್ನ ಹಿಂದೆ ಒಬ್ಬ ಮುದುಕಿ. ಬಲಕ್ಕೆ ಕೆರೆ... ನೀರು ಏರಿಯ ಅಂಚು ಮುಟ್ಟಲು ಎರಡೇ ಅಡಿ ಬಾಕಿ. ಎಡಕ್ಕೆ ತಗ್ಗಿನಲ್ಲಿ ಕೆಳಗೇರಿ, ನಲವತ್ತು ಮನೆ. ನಾನು ಎಲ್ಲಿಗೆ ಹೋದರೂ ಮೊದಲು ತಪ್ಪಿಸಿಕೊಳ್ಳುವ ದಾರಿ ನೋಡಿಕೊಳ್ಳುವವಳು. ಇಲ್ಲಿ ಒಂದೂ ಕಾಣಲಿಲ್ಲ!

"ಎಂಟು ದಿನದ ಹಿಂದ ಯಾವ ಕೆಲಸಕ್ಕ ಈ ಮುದುಕಿನ್ನ ಹಿಡಿದು ಕೊಟ್ರೋ, ಇವತ್ತು ಅದೇ ಕೆಲಸ ನೀವು ಮಾಡಾಕತ್ತೀರಿ! ನಾಚಿಕಿ ಬರಂಗಿಲ್ಲೇನು?"

ಬರುತ್ತಿತ್ತು. ಅದಕ್ಕೇ ಬಂದಿದ್ದೆ.

ಕೇಳಿ. ನಾನು ಆದವಾನಿಯಲ್ಲಿ ಪ್ರೈವೇಟ್ ಡಿಟೆಕ್ಟಿವ್. ಮಿಲ್ಲುಗಳಲ್ಲಿ ಹತ್ತಿ ಕದಿಯುವವರನ್ನು ಹಿಡಿಯುವುದು ನನ್ನ ಕೆಲಸ. ಹೊಳಗುಂದದ ಆಚೆ ಈ ಹಿರೇಬಂಡೆ. ಇಲ್ಲಿನ ಕೆರೆ ಕಮಿಟಿಯ ಪ್ರೆಸಿಡೆಂಟ್ ಕೆಂಚಣ್ಣನೇ ನನ್ನನ್ನು ಕರೆಸಿದ್ದ. ಮಳೆ ಈಗ ಮೊದಲಿನ ಹಾಗಿಲ್ಲ, ಬಂದಷ್ಟನ್ನೂ ಹಿಡಿದಿಡಬೇಕು ಎಂದು ಒಂದು ಸ್ಕೀಮ್ ಬಂದಿತ್ತು. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗ ಕೋಡಿ. ಅದನ್ನು ಸಿಮೆಂಟ್ ಹಾಕಿ ಎತ್ತರಿಸಿದ್ದರು. ಹಾಕಿದ್ದು ಗಟ್ಟಿಯಾಗುವ ಮೊದಲೇ ಯಾರೋ ದಿನಾ ಹೊತ್ತು ಮೂಡುವಾಗ ಅದನ್ನು ಒಡೆಯುತ್ತಿದ್ದರು.

ಎರಡೇ ದಿನದಲ್ಲಿ ಹಿಡಿದೆ!

ಗಿಡ್ಡಮ್ಮ. ಅರವತ್ತು ದಾಟಿದ ಹೆಂಗಸು. ತಲೆಮಾರುಗಳಿಂದ ಈ ಕೆರೆಯ ನೀರು ಕಾಯುವ ಮನೆತನ.

"ಕೋಡಿ ಕಲ್ಲುಗಳ ನಡುವ ಮಣ್ಣು ಮೆತ್ತೋದು ನಮ್ಮ ಪದ್ಧತಿ, ತಾಯಿ," ಎಂದಿದ್ದಳು. "ನೀರು ಬೇಕಂದ್ರ ಮೆತ್ತಬೇಕು. ಜಾಸ್ತಿ ಬಂತಂದ್ರ ಕಾಲಿಲೆ ಒದ್ದು ಬಿಡಬೇಕು. ಸಿಮೆಂಟ್ ಒದ್ರ ನನ್ನ ಕಾಲೇ ಮುರೀತೈತಿ!"

ನಾನು ನಕ್ಕಿದ್ದೆ. ಚೊಕ್ಕವಾಗಿ ರಿಪೋರ್ಟ್ ಬರೆದು ಪೊಲೀಸರಿಗೆ ಒಪ್ಪಿಸಿದ್ದೆ.

ಈ ಬೆಳಿಗ್ಗೆ ಆಕೆ ಆದವಾನಿಯ ಠಾಣೆ ಮುಂದೆ ಕೂತಿದ್ದಳು. ಜಾಮೀನು ಸಿಕ್ಕಿತ್ತು, ದಿನಾ ಬಂದು ಸಹಿ ಹಾಕಬೇಕಿತ್ತು. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಆಕೆ ಸಹಿಯ ಪುಸ್ತಕ ನೋಡುತ್ತಿರಲಿಲ್ಲ. ಆಕಾಶ ನೋಡುತ್ತಿದ್ದಳು.

"ಮಧ್ಯಾಹ್ನದ ತನಕ ಏರಿ ತಡಿಯಂಗಿಲ್ಲ, ತಾಯಿ..."

ಈ ಸಲ ನಗು ಬರಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದೆ.

ಬಂದು ನೋಡಿದರೆ ಏರಿಯ ಮೇಲೆ ಹಬ್ಬ! ತಮಟೆ, ತೆಂಗಿನಕಾಯಿ, ಗಂಗಮ್ಮನ ಕಳಸ. ಹನ್ನೊಂದು ವರ್ಷದ ಮೇಲೆ ಕೆರೆ ತುಂಬಿತ್ತು. ಇಡೀ ಊರು ಏರಿಯ ನಟ್ಟನಡುವೆ ನಿಂತು ಕೈ ಮುಗಿಯುತ್ತಿತ್ತು. ಈ ಸೀಮೆಯಲ್ಲಿ ನೀರು ಕಂಡರೆ ಯಾರೂ ಓಡಿಹೋಗುವುದಿಲ್ಲ. ನೀರಿನ ಕಡೆಗೇ ಓಡುತ್ತಾರೆ!

ನಾವಿಬ್ಬರೂ ಏರಿಯ ಕೊನೆಗಿದ್ದ ಕೋಡಿಗೆ ಹೋಗಿ ಅರ್ಧ ಗಂಟೆ ಬಡಿದೆವು. ಸಿಮೆಂಟು ಜಗ್ಗಲಿಲ್ಲ. ಆಗ ಬಂದ ಈ ಕೆಂಚಣ್ಣ...

"ಜೆಸಿಬಿ ತರ್ಸು, ಕೆಂಚಣ್ಣ. ಊರು ಮುಳುಗತೈತಿ!" ಎಂದೆ.

"ಕೋಡಿ ಹಳ್ಳದಾಗ ನನ್ನ ಆರು ಎಕರೆ ಹತ್ತಿ ಐತಿ!"

"ಹಳ್ಳದಾಗ ಯಾಕ ಬಿತ್ತಿದಿ?"

"ಹನ್ನೊಂದು ವರ್ಷ ಅದು ಹಳ್ಳ ಅನ್ನೋದೇ ಮರ್ತಿತ್ತು!"

ಗಿಡ್ಡಮ್ಮ ನನ್ನ ತೋಳು ಹಿಡಿದಳು. ಆಕೆಯ ಕಣ್ಣು ಏರಿಯ ಬುಡದಲ್ಲಿತ್ತು.

"ಅಲ್ಲಿ ನೋಡು... ನೀರು ಜಿನಗಾಕತ್ತೈತಿ. ತಿಳಿನೀರಾದ್ರ ಚಿಂತಿಲ್ಲ. ಅದು ಕೆಂಪಗೈತಿ. ಏರಿ ಒಳಗಿನ ಮಣ್ಣು ಹೊಂಟೈತಿ!"

ಸರಿಯಾಗಿ ಆ ಜನರ ಕಾಲ ಕೆಳಗೆ!

"ಕೆಳಗೇರ್ಯಾಗ ನನ್ನ ಮಗಳು ಮಹೇಶ್ವರಿ ಅದಾಳ. ಹಡೆದು ಏಳು ದಿನ. ಪುರುಡು ಅಂತ ಪೂಜಿಗೆ ಬಿಟ್ಟಿಲ್ಲ. ನೀ ಹೋಗು! ಇವರನ್ನ ನಾ ಎಬ್ಬಸ್ತೀನಿ."

"ಒದರಿದ್ರ ಯಾರು ಕೇಳ್ತಾರ?"

"ಒದರಂಗಿಲ್ಲ."

ಸ್ಕೂಟರಿನ ಕಡೆ ಓಡಿದೆ. ಕೆಂಚಣ್ಣ ಹಾರೆ ಬೀಸಿ ಎಸೆದ. ತಲೆ ತಪ್ಪಿತು... ಸ್ಕೂಟರಿನ ಕನ್ನಡಿ ಪುಡಿ!

ಕೆಳಗೇರಿಯ ಕೊನೆಯ ಮನೆ. ಬಾಗಿಲನ್ನು ಒದ್ದು ತೆರೆದೆ. ಮಹೇಶ್ವರಿ ಕೂಸನ್ನು ಎದೆಗೆ ಒತ್ತಿಕೊಂಡಳು.

"ಇನ್ನ ಪುರುಡಿನ ನೀರು ಹಾಕಿಲ್ಲಕ್ಕ, ನಾ ಹೊರಗ ಬರಬಾರದು..."

"ನೀರೇ ಬರಾಕತ್ತೈತಿ. ಹತ್ತು!"

ಗುಡ್ಡದ ದಾರಿ ಹಿಡಿದೆ. ಒಮ್ಮೆಲೇ ತಮಟೆ ನಿಂತಿತು. ತಲೆ ಎತ್ತಿದೆ.

ಗಿಡ್ಡಮ್ಮ ಗಂಗಮ್ಮನ ಕಳಸವನ್ನು ಒದ್ದಿದ್ದಳು!

ಕಳಸ ಉರುಳಿ ಕೆರೆಗೆ ಬಿತ್ತು. ಊರಿಗೆ ಊರೇ ಒಂದೇ ಕೂಗು.

"ಹಿಡೀರ್ರಿ ಆಕಿನ್ನ!"

ಗಿಡ್ಡಮ್ಮ ಓಡಿದಳು. ಅಂಥ ಓಟವನ್ನು ನಾನು ಯಾವ ಕಳ್ಳನಲ್ಲೂ ಕಂಡಿಲ್ಲ! ಹಿಂದೆ ಗಂಡಸರು, ಹೆಂಗಸರು, ಮಕ್ಕಳು, ಕೈಗೆ ಸಿಕ್ಕ ಕಲ್ಲು... ಸೇರಿಕೊಂಡ ಕೆಂಚಣ್ಣ ಎಲ್ಲರಿಗಿಂತ ಮುಂದೆ. ಆಕೆ ಎಲ್ಲರನ್ನೂ ಗುಡ್ಡದ ಮೇಲಕ್ಕೆ ಎಳೆದುಕೊಂಡು ಹೋದಳು.

ಕೊನೆಯವನು ಏರಿ ಇಳಿದು ಎರಡು ನಿಮಿಷ ಆಗಿತ್ತೋ ಇಲ್ಲವೋ...

ಏರಿ ಒಡೆದುಹೋಯಿತು.

ಹತ್ತು ನಿಮಿಷದಲ್ಲಿ ನಲವತ್ತು ಮನೆ. ದೊಡ್ಡಿಯ ಕುರಿಗಳು. ಬೀಜದ ಜೋಳ. ಕೆಂಚಣ್ಣನ ಹತ್ತಿಯೂ ಮುಳುಗಿತು. ಜನ ಮಾತ್ರ ಒಬ್ಬರೂ ಸಾಯಲಿಲ್ಲ. ಆ ಗದ್ದಲದಲ್ಲಿ ಗಿಡ್ಡಮ್ಮ ಊರವರ ಕಣ್ಣು ತಪ್ಪಿಸಿದ್ದಳು.

ಗಿಡ್ಡಮ್ಮನಿಗೆ ಹಾರ ಹಾಕಿದರು ಅಂದುಕೊಂಡಿರಾ?

ಮಳೆ ನಿಂತ ಮೇಲೆ ಹೋಗಿ ನೋಡಿದೆ. ಬರಿದಾದ ಕೆರೆಯ ಪಕ್ಕ ಕೋಡಿ ನಿಂತಿತ್ತು. ಸಿಮೆಂಟಿಗೆ ಒಂದು ಬಿರುಕೂ ಇರಲಿಲ್ಲ.

ಮಾರನೇ ದಿನ ಕೆಂಚಣ್ಣ ನನ್ನ ಆಫೀಸಿಗೆ ಬಂದ. ಇದ್ದ ಮನೆಯೂ ಹೋಗಿತ್ತು, ಮೈಮೇಲೆ ಯಾರದೋ ಅಂಗಿ.

"ಆಕಿನ್ನ ಹುಡುಕಿ ಕೊಡ್ರಿ ಮೇಡಂ. ಠಾಣಿಗೂ ಸಹಿ ಹಾಕಾಕ ಬಂದಿಲ್ಲ. ಊರೆಲ್ಲ ಒಂದೇ ಮಾತು... ಆಕಿ ಕಳಸ ಒದ್ಲು, ಗಂಗಮ್ಮ ಸಿಟ್ಟಾಗಿ ಏರಿ ಒಡದ್ಲು."

"ಅಲ್ಲಿ ನಿಂತಿದ್ರ ನೀನೂ ಇರ್ತಿರಲಿಲ್ಲ, ಕೆಂಚಣ್ಣ."

"ಆಕಿ ಒದೀದಿದ್ರ ಏರಿನೇ ಒಡೀತಿರಲಿಲ್ಲ!"

ನಿಜವಾಗಿಯೂ ನಂಬಿದ್ದ. ಅದೇ ನನಗೆ ಹಾರೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು.

"ಮತ್ತ ಕೆರಿ?"

"ಹೊಸ ಏರಿ ಹಾಕ್ತಾರ. ಕೋಡಿನೂ ಇನ್ನೊಂದಡಿ ಎತ್ತರ. ಡಬಲ್ ಸಿಮೆಂಟ್!"

ಪರದೆಯ ಹಿಂದೆ ಕೂಸು ಅತ್ತಿತು. ಒಂದು ಮುದಿ ಕೈ ಮೆಲ್ಲಗೆ ತಟ್ಟಿ ಸುಮ್ಮನಾಗಿಸಿತು.

ಕೆಂಚಣ್ಣ ಕತ್ತು ಚಾಚಿದ. "ಯಾರದು?"

"ಕ್ಲೈಂಟ್," ಎಂದೆ. "ಊರು ಕಳಕೊಂಡು ಬಂದಾಳ. ಎಲ್ಲೈತಿ ಅಂತ ನನಗ ಗೊತ್ತು... ವಾಪಸ್ ಕೊಡಸಾಕ ನನ್ನ ಕೈಲಾಗಂಗಿಲ್ಲ!"