ನೆಲದ ಮೇಲಿನ ಪರಿಚಯ

ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಮ್ಯಾಪು, ಊರಿನ ಭಾರವನ್ನೆಲ್ಲ ತಾನೇ ಹೊತ್ತಂಥ ಮುಖ. ಬಂದರಿನಿಂದ ಹೊರಟ ಲೋಕಲ್ ಬಸ್ಸಿನಲ್ಲಿ ಅವನು ಸೀಟಿನ ಪಕ್ಕ ಬಂದು ನಿಂತಾಗ, ಚೆಕಿಂಗ್ ಇನ್‌ಸ್ಪೆಕ್ಟರೇ ಇರಬೇಕು ಅಂದುಕೊಂಡು ಅವಳು ಟಿಕೆಟ್ ಚಾಚಿದಳು.

ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸರಿಯಾಗಿದೆ. ಆರಾಮಾಗಿ ಕೂತ್ಕೊಳ್ಳಿ," ಅಂದ.

ಮುಂದಿನ ಸ್ಟಾಪಿನಲ್ಲಿ ನಿಜವಾದ ಇನ್‌ಸ್ಪೆಕ್ಟರು ಹತ್ತಿದ. ಬಿಳಿ ಅಂಗಿಯವನ ಹತ್ತಿರ ಟಿಕೆಟ್ಟೇ ಇರಲಿಲ್ಲ. ಜೇಬು, ಚೀಲ, ಮತ್ತೆ ಜೇಬು ತಡಕಾಡಿ, ಕಿವಿವರೆಗೆ ಕೆಂಪಾಗಿ ನಿಂತವನನ್ನು ನೋಡಿ ಅವಳಿಗೆ ನಗು ಉಕ್ಕಿ ಬಂತು. ಎಷ್ಟೋ ಕಾಲವಾಗಿತ್ತು ಹಾಗೆ ನಕ್ಕು.

"ನಗಬೇಡಿ," ಪಕ್ಕದಲ್ಲಿ ಕೂತು ಪಿಸುಗುಟ್ಟಿದ. "ನಾನು ಹಲ್ಲಿನ ಡಾಕ್ಟ್ರು. ನಕ್ಕರೆ ಎಣಿಸ್ತೀನಿ."

ಇಬ್ಬರೂ ಬಂದರಿಂದ ಬಂದರಿಗೆ ಸಾಗುವ ಒಂದೇ ಪ್ರವಾಸಿ ಹಡಗಿನಿಂದ ಇಳಿದವರು. ಮದುವೆ ಮುರಿದ ಮೇಲೆ ಅಕ್ಕನ ಜೊತೆ ಸೇರಿ ಪರದೆ ಹೊಲಿಯುವ ಅಂಗಡಿ ನಡೆಸುತ್ತಿದ್ದವಳನ್ನು ಅಕ್ಕ, ಭಾವ ಬಲವಂತವಾಗಿ ಪ್ರವಾಸಕ್ಕೆ ಎಳೆತಂದಿದ್ದರು. ಹಡಗಿನವರ ಟೂರ್ ಬಸ್ಸಿನಲ್ಲಿ, ಬಾವುಟ ಹಿಡಿದ ಗೈಡ್ ಹಿಂದೆ ಕುರಿಮಂದೆ ಥರ ಅಲೆಯೋದು ತನ್ನಿಂದಾಗದು ಅಂತ ಅವಳು ಒಬ್ಬಳೇ ಹೊರಟಿದ್ದಳು. ಅವನು ತಾಯಿಯ ಜೊತೆ ಬಂದವನು. ತಾಯಿಯನ್ನು ಟೂರ್ ಬಸ್ಸು ಹತ್ತಿಸಿ, ತಲೆನೋವು, ಮಲಗ್ತೀನಿ ಅಂತ ಸುಳ್ಳು ಹೇಳಿ, ಹಡಗಿನ ಹಿಂದಿನ ಬಾಗಿಲಿಂದ ಇಳಿದಿದ್ದ.

"ನಲವತ್ತು ವರ್ಷದ ಮನುಷ್ಯ, ಅಮ್ಮನಿಗೆ ಸುಳ್ಳು ಹೇಳಿ ಬಸ್ಸು ಹತ್ತೋದಾ?"

"ಮೂವತ್ತೊಂಬತ್ತು," ಅಂದ ಅವನು.

ಅವತ್ತು ಊರಿನ ಕೊನೇ ಸ್ಟಾಪಿನವರೆಗೂ ಹೋದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಒಣಗಿದ ಕಾರಂಜಿ, ಒಂದು ಬೇಕರಿ, ಬಾಲ್ಕನಿಗಳಲ್ಲಿ ಹಾರಾಡುವ ಬಟ್ಟೆ. ಅವಳು ಮನೆಮನೆಯ ಪರದೆ ನೋಡಿ ಒಳಗಿರುವವರ ಕಥೆ ಹೇಳಿದಳು. ಅವನು ಕಿಟಕಿಗಳನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇನ್ನೆರಡು ಕಥೆ ಹೆಚ್ಚಿಗೆ ಹೇಳಿದಳು.

ರಾತ್ರಿ ಹಡಗಿನ ಊಟದ ಹಾಲಿನಲ್ಲಿ ಅವನು ಎದುರಾದ. ತಾಯಿಯ ತೋಳು ಹಿಡಿದುಕೊಂಡಿದ್ದ. ಇವಳು ನಗೆ ಬೀರಿದಳು. ಅವನು ಗೋಡೆಯ ಮೇಲಿದ್ದ ಚಿತ್ರ ನೋಡುತ್ತ ದಾಟಿಹೋದ.

ಮುಂದಿನ ಬಂದರಿನಲ್ಲಿ ಗೇಟಿನ ಹತ್ತಿರ ಶೂ ಲೇಸು ಕಟ್ಟುವ ನೆಪದಲ್ಲಿ ಕಾಯುತ್ತಿದ್ದ. ಅವಳು ನಿಲ್ಲದೆ ನಡೆದಳು. ಲೇಸು ಹಾಗೇ ಬಿಟ್ಟು ಹಿಂದೆಯೇ ಓಡಿಬಂದ.

"ಕೋಪಾನಾ?"

"ಯಾರು ತಾವು?"

"ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳದ್ದು ಒಂಥರಾ ಸ್ವಭಾವ. ಟೈಮ್ ನೋಡಿ ಹೇಳ್ತೀನಿ."

"ಅಂದ್ರೆ ನಮ್ಮದು ನೆಲದ ಮೇಲೆ ಮಾತ್ರ ಪರಿಚಯ. ನೀರಿನ ಮೇಲೆ ಇಲ್ಲ."

ತಮಾಷೆಯಾಗಿಯೇ ಅಂದಳು. ಅವನೂ ನಕ್ಕ. ಲೋಕಲ್ ಟ್ರೈನಿನಲ್ಲಿ ಜನ ಕಿಕ್ಕಿರಿದಿದ್ದರು. ಬಾಗಿಲ ಹತ್ತಿರ ಒಂದೇ ಕಂಬಿ ಹಿಡಿದು ನಿಂತಾಗ ಅವನ ಕಿರುಬೆರಳು ಅವಳ ಕೈಗೆ ತಾಗಿತು. ಸರಿಸಲಿಲ್ಲ. ಇವಳೂ ಸರಿಸಲಿಲ್ಲ. ಸ್ಟೇಷನ್ನುಗಳು ಬಂದವು, ಹೋದವು. ಇಳಿಯಬೇಕಾದ್ದು ಯಾವುದೋ, ಇಬ್ಬರಿಗೂ ಮರೆತೇ ಹೋಯಿತು.

ಅಕ್ಕನಿಗೆ ಎಲ್ಲ ಗೊತ್ತಾಗಿತ್ತು. "ಹಡಗಿನೊಳಗೆ ಗುರುತು ಹಿಡಿಯದವನು, ಮನೆ ಬಾಗಿಲಲ್ಲಿ ಗುರುತು ಹಿಡೀತಾನೇನೇ?" ಅಂದಳು. ಮನಸ್ಸು ಗಾಳಿಪಟವಾದಾಗ ಅಕ್ಕನ ಮಾತು ಯಾರಿಗೆ ಬೇಕು? ಅವಳು ಕನ್ನಡಿ ಮುಂದೆ ಓಲೆ ಬದಲಾಯಿಸುತ್ತಿದ್ದಳು.

ಮೂರನೇ ಬಂದರಿನಿಂದ ಗುಡ್ಡದ ಮೇಲಿನ ಊರಿಗೆ ಪುಟ್ಟ ರೈಲಿತ್ತು. ಟೂರ್ ಬಸ್ಸಿನವರು ತಡವಾದರೆ ಹಡಗು ಕಾಯುತ್ತೆ, ಸ್ವಂತವಾಗಿ ಹೋದವರಿಗೆ ಕಾಯೋದಿಲ್ಲ ಅಂತ ಇಳಿಯುವಾಗಲೇ ಮೈಕಿನಲ್ಲಿ ಹೇಳಿದ್ದರು. ಸಾಕಷ್ಟು ಮೊದಲೇ ವಾಪಸ್ ಹೊರಡೋಣ ಅಂತ ಮಾತಾಡಿಕೊಂಡೇ ಹತ್ತಿದರು.

ಮೇಲೆ, ಊರಿನ ಕೋಟೆ ಗೋಡೆಯ ನೆರಳಲ್ಲಿ, ಅವನು ಅವಳ ಕೈ ಹಿಡಿದು ಹೇಳಿದ: "ಇವತ್ತು ಸಂಜೆ ಅಮ್ಮನಿಗೆ ಹೇಳೇ ಹೇಳ್ತೀನಿ. ನೀನಿಲ್ಲದೆ ಈ ಹಡಗಿಂದ ನಾನು ಇಳಿಯಲ್ಲ."

ಅವನ ಅಂಗಿಯ ಗುಂಡಿಯೊಂದು ಸಡಿಲವಾಗಿತ್ತು. ಅವಳು ಅದನ್ನೇ ತಿರುಗಿಸುತ್ತ ನಿಂತಳು.

ಇಳಿಯುವಾಗ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಸಿಗ್ನಲ್ ಕೆಟ್ಟಿದೆ ಅಂದರು. ಕಾದರು, ಕಾದರು. ಕೊನೆಗೆ ಕೆಳಗಿನ ರಸ್ತೆಯಲ್ಲಿ ಬಸ್ಸು ಸಿಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಎಲ್ಲರ ಜೊತೆ ಇವರೂ ಧುಮುಕಿದರು. ಜಲ್ಲಿಯ ಮೇಲೆ ಅವಳ ಪಾದ ಹೊರಳಿ ಉಳುಕಿತು. ಅವನ ಹೆಗಲಿಗೆ ಆತು, ಹಲ್ಲು ಕಚ್ಚಿ ಬಸ್ಸು ಹತ್ತಿದಳು.

ಬಸ್ಸು ಬಂದರಿನ ಬೀದಿಯ ತುದಿಯಲ್ಲಿ ಇಳಿಸಿತು. ಗೋಡೌನುಗಳ ಸಾಲಿನಾಚೆ ಹಡಗಿನ ಬಿಳಿ ಬೆನ್ನು ಕಾಣುತ್ತಿತ್ತು.

"ನಾನು ಓಡಿಹೋಗಿ ನಿಲ್ಲಿಸ್ತೀನಿ. ನೀನು ನಿಧಾನಕ್ಕೆ ಬಾ," ಅಂದ.

ಅವನು ಓಡುವುದನ್ನು ಅವಳು ಪ್ರೀತಿಯಿಂದ ನೋಡಿದಳು. ತನಗೋಸ್ಕರ ಯಾರೂ ಯಾವತ್ತೂ ಹಾಗೆ ಓಡಿರಲಿಲ್ಲ.

ಹೂ ಮಾರುವ ಹೆಂಗಸೊಬ್ಬಳು ತೋಳು ಕೊಟ್ಟಳು. ಕುಂಟುತ್ತ ಗೋಡೌನು ದಾಟಿ ಬರುವಷ್ಟರಲ್ಲಿ ಹಡಗಿಗೂ ದಡಕ್ಕೂ ನಡುವೆ ನೀರು ಅಗಲವಾಗುತ್ತಿತ್ತು.

ಹಡಗಿನವರ ಏಜೆಂಟ್ ಅವಳ ಪಾಸ್‌ಪೋರ್ಟ್ ಹಿಡಿದು ನಿಂತಿದ್ದ. ಅವಳ ರೂಮಿನಿಂದ ತೆಗೆದು ದಡಕ್ಕೆ ಕೊಟ್ಟುಹೋಗಿದ್ದರು.

"ಅಯ್ಯೋ, ಇಷ್ಟು ಹತ್ತಿರ ಇದ್ರಾ? ಕೊನೇಲಿ ಒಬ್ರು ಓಡಿ ಬಂದ್ರು. ನಿಮ್ಮ ಹಿಂದೆ ಇನ್ಯಾರಾದ್ರೂ ಬರ್ತಿದಾರಾ ಅಂತ ನಾನೇ ಕೇಳ್ದೆ. ಬರ್ತಿದ್ರೆ ಸ್ವಲ್ಪ ಕಾಯೋಣ ಅಂತಿದ್ರು ಮೇಲಿನವರು."

"ಏನಂದ್ರು?"

"ಅವರ ತಾಯಿ ಮೆಟ್ಟಿಲ ಮೇಲೆ ನಿಂತು ಗಾಬರಿಯಾಗಿ ಕೂಗ್ತಿದ್ರು. ಅವರ ಕಡೆ ಒಂದ್ಸಲ ನೋಡಿ, ಯಾರೂ ಇಲ್ಲ, ನಾನೊಬ್ನೇ ಅಂದ್ರು."

ಅವಳು ಪಾಸ್‌ಪೋರ್ಟ್ ಇಸಕೊಂಡು, ಥ್ಯಾಂಕ್ಸ್ ಅಂದಳು.

ಮುಂದಿನ ಬಂದರಿಗೆ ಭೂಮಾರ್ಗದಲ್ಲೇ ಹೋದಳು. ಒಂದು ರೈಲು, ಇನ್ನೊಂದು ರೈಲು, ಆಮೇಲೆ ಬಸ್ಸು. ಪಾದ ಊದಿ ಶೂ ಹಿಡಿಸದಾಯಿತು. ಕಾಲನ್ನು ಎದುರು ಸೀಟಿನ ಮೇಲೆ ಚಾಚಿ, ಅವನ ಪರವಾಗಿ ತಾನೇ ವಾದ ಮಾಡಿದಳು. ಗಾಬರಿಯಲ್ಲಿ ಬಾಯಿತಪ್ಪಿ ಬಂದಿರಬಹುದು. ಏಜೆಂಟ್ ತಪ್ಪು ಕೇಳಿಸಿಕೊಂಡಿರಬಹುದು. ಬಂದವನೇ ನಿಜ ಹೇಳಿದರೆ ಸಾಕು, ಹೊಟ್ಟೆಗೆ ಹಾಕ್ಕೋತೀನಿ ಅಂದುಕೊಂಡಳು.

ಅಕ್ಕ ದಡದಲ್ಲೇ ಅಳುತ್ತ ಅಪ್ಪಿಕೊಂಡಳು. ಹಿಂದೆಯೇ ಅವನು ಬಂದ. ಕಣ್ಣು ಕೆಂಪಾಗಿತ್ತು, ಗಡ್ಡ ಬೋಳಿಸಿರಲಿಲ್ಲ.

"ಎಷ್ಟು ಬೇಡ್ಕೊಂಡೆ ಗೊತ್ತಾ? ಕಾಲು ಹಿಡಿಯೋದೊಂದು ಬಾಕಿ. ಕ್ಯಾಪ್ಟನ್ ಕೇಳಲೇ ಇಲ್ಲ."

ಅವಳು ತಡೆಯಲಿಲ್ಲ. ಅವನು ಕ್ಯಾಪ್ಟನ್ ಏನಂದ, ತಾನೇನಂದೆ, ಎಲ್ಲ ಬಣ್ಣ ಕಟ್ಟಿ ಹೇಳಿದ. ಪೂರ್ತಿ ಮುಗಿಯಲಿ ಅಂತ ಕಾದಳು.

"ಏಜೆಂಟ್ ಸಿಕ್ಕಿದ್ದರು," ಅಂದಳು. "ನೀವು 'ನಾನೊಬ್ನೇ' ಅಂದ್ರಂತೆ."

ಅವನು ತಾಯಿಯಿದ್ದ ಕಡೆ ಒಮ್ಮೆ ತಿರುಗಿ ನೋಡಿದ.

"ಅಮ್ಮ ನೋಡ್ತಿದ್ಲು," ಅಂದ. ಆಮೇಲೆ, "ನಾನು ಹೇಡಿ. ಆದ್ರೆ ನಿನ್ನನ್ನ ಪ್ರೀತಿಸ್ತೀನಿ, ಅದು ಸುಳ್ಳಲ್ಲ. ಬಾ, ಈಗಲೇ ಬಾ."

ಕೈ ಹಿಡಿದು, ಬೆಂಚಿನ ಮೇಲೆ ಕೂತಿದ್ದ ತಾಯಿಯ ಎದುರು ಕರೆದೊಯ್ದ. ಒಂದೇ ಉಸಿರಿಗೆ ಹೇಳಿದ. "ಅಮ್ಮ, ಇವಳನ್ನ ಮದುವೆ ಆಗಬೇಕು ಅಂತಿದೀನಿ. ಇವಳಿಗೆ ಮೊದಲೊಂದು ಮದುವೆ ಆಗಿತ್ತು."

ಮುದುಕಿ ಕನ್ನಡಕ ಏರಿಸಿ ಅವಳನ್ನು ನೋಡಿದಳು.

"ಅದಕ್ಕೇನೀಗ? ತಲೆನೋವು ಅಂತ ರೂಮಲ್ಲಿ ಮಲಗಿದ್ದೋನ ಮೂಗು ಬಿಸಿಲಿಗೆ ಸುಟ್ಟಿರೋದು ನನಗೆ ಕಾಣಲ್ವೇನೋ? ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಾ ಇದ್ದೆ. ಕೂತ್ಕೋ ಮಗು. ಕಾಲು ಎಷ್ಟು ಊದಿದೆ ನೋಡು."

ಅವನು ನಕ್ಕುಬಿಟ್ಟ. ಭಾರ ಇಳಿದವನ ಹಾಗೆ, ಮಗುವಿನ ಹಾಗೆ.

ಅವಳು ಅವನ ಕೈಯಿಂದ ಕೈ ಬಿಡಿಸಿಕೊಂಡಳು.

"ನೀವು ಬೇಡ ಅಂದಿದ್ರೆ ನನಗೆ ಸುಲಭ ಆಗ್ತಿತ್ತಮ್ಮ," ಅಂದಳು. "ನಿಮ್ಮನ್ನ ಬೈಕೊಂಡು ಇವರನ್ನ ಕ್ಷಮಿಸಿಬಿಡ್ತಿದ್ದೆ."

ಮುದುಕಿಗೆ ಅರ್ಥವಾಗಲಿಲ್ಲ. ಮಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

ಹಡಗಿನ ರೂಮಿನಲ್ಲಿ ಅಕ್ಕ ಮಂಡಿಯೂರಿ ಅವಳ ಪಾದಕ್ಕೆ ಐಸ್ ಒತ್ತಿದಳು.

"ಅಷ್ಟೊಂದು ಇಷ್ಟ ಇತ್ತೇನೇ?" ಅಕ್ಕ ಕೇಳಿದಳು.

"ಈಗಲೂ ಇದೆ ಕಣೇ," ಅಂದಳು ಅವಳು. "ಅದೇ ಕಷ್ಟ."